ಐದು ಕಟ್ಟಡ, ಒಂದೇ ಕನೆಕ್ಷನ್: ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗ ಇದೆ, ಕೇಬಲ್‌ನಲ್ಲಿ ಇದೆಯಾ?

ಐದುಕಟ್ಟಡ

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದೇ ಆವರಣದಲ್ಲಿ ಐದು ಕಟ್ಟಡ. ಹೊರಗಿನಿಂದ ಬರುವುದು ಒಂದೇ ಕನೆಕ್ಷನ್, ಒಂದೇ ಮೇನ್ ಮೀಟರ್. 500 ಕೆವಿಎ (ವೋಲ್ಟ್ ಗುಣಿಸು ಆಂಪ್, ಸಾವಿರದ ಲೆಕ್ಕದಲ್ಲಿ) ಟ್ರಾನ್ಸ್‌ಫಾರ್ಮರ್ ನಮ್ಮದೇ. ಮಂಜೂರಾದ ಡಿಮ್ಯಾಂಡ್, ಅಂದರೆ ಹೊರಗಿನಿಂದ ಎಳೆಯಲು ಒಪ್ಪಿಗೆ ಇರುವ ಮಿತಿ, 350 ಕೆವಿಎ. ಮೇನ್ ಪ್ಯಾನೆಲ್‌ನಿಂದ ಪ್ರತಿ ಕಟ್ಟಡಕ್ಕೂ ಒಂದೊಂದು ಫೀಡರ್, ಅಂದರೆ ಪ್ರತ್ಯೇಕ ಕೇಬಲ್ ಲೈನ್, ಹೋಗುತ್ತದೆ. ಒಳಗಿನ ಕೇಬಲ್, ಪ್ಯಾನೆಲ್ ಎಲ್ಲದರ ಜವಾಬ್ದಾರಿ ನಮ್ಮದೇ.

4ನೇ ಕಟ್ಟಡ ಎಲ್ಲಕ್ಕಿಂತ ದೂರ, 220 ಮೀಟರ್ ಕೇಬಲ್. ಅದರ ಚಾವಣಿ ಮೇಲೆ 100 ಕಿಲೋವ್ಯಾಟ್ ಸೋಲಾರ್ ಇದೆ. ಪಕ್ಕದ ಪಾರ್ಕಿಂಗ್‌ನಲ್ಲಿ ಈಗ 12 ಕಾರ್ ಚಾರ್ಜರ್ ಹಾಕಬೇಕು, ಒಂದೊಂದು 7.4 ಕಿಲೋವ್ಯಾಟ್, ಸಿಂಗಲ್ ಫೇಸ್. ಅದೇ ಕಟ್ಟಡದ ಪ್ಯಾನೆಲ್‌ನಿಂದಲೇ ಎಳೆಯಬೇಕು ಅಂತ ಯೋಚನೆ.

ಚಾರ್ಜರ್ ಮಾರುವವರು ಹೇಳುವುದು: "ಟ್ರಾನ್ಸ್‌ಫಾರ್ಮರ್ 500, ನಿಮ್ಮ ಪೀಕ್ 285, ಬೇಕಾದಷ್ಟು ಜಾಗ ಇದೆ." ಕಮಿಟಿಯಲ್ಲಿ ಅರ್ಧ ಜನ ಹೂಂ ಅಂದರು. ಇನ್ನರ್ಧ ಜನ ಹೊಸ ಕೇಬಲ್ ಎಳೆಯಿರಿ ಅನ್ನುತ್ತಿದ್ದಾರೆ. ಯಾರದ್ದು ಸರಿ? ಇದರ ಜೊತೆಗೆ ಬಿಲ್ ಹಂಚಿಕೆಯ ಜಗಳ ಬೇರೆ ಇದೆ, ಅದನ್ನು ಆಮೇಲೆ ಕೇಳುತ್ತೇನೆ.

ತಾಮ್ರತಂತಿ

ಇಬ್ಬರದ್ದೂ ಅಂದಾಜಿನ ಮಾತು. ಟ್ಯಾಂಕ್ ದೊಡ್ಡದಿದೆ ಅಂತ ಅರ್ಧ ಇಂಚಿನ ಪೈಪ್‌ನಲ್ಲಿ ಜಾಸ್ತಿ ನೀರು ಬರುವುದಿಲ್ಲ ಅಲ್ವಾ. ಟ್ರಾನ್ಸ್‌ಫಾರ್ಮರ್‌ಗೆ ಒಂದು ಮಿತಿ. ಮಂಜೂರಾದ ಡಿಮ್ಯಾಂಡ್‌ಗೆ ಇನ್ನೊಂದು. 4ನೇ ಕಟ್ಟಡದ ಫೀಡರ್‌ಗೆ ಮತ್ತೊಂದು. ಆ ಫೀಡರ್‌ನಲ್ಲೂ ಆರ್, ವೈ, ಬಿ ಅನ್ನುವ ಮೂರು ಫೇಸ್‌ಗಳಿಗೆ ಬೇರೆ ಬೇರೆ. ಇಷ್ಟರಲ್ಲಿ ಯಾವುದು ಮೊದಲು ತುಂಬುತ್ತದೋ ಅದೇ ನಿಮ್ಮ ಮಿತಿ.

4ನೇ ಫೀಡರ್‌ನ ಬ್ರೇಕರ್ ಎಷ್ಟು? ಕೇಬಲ್ ಸೈಜ್ ಎಷ್ಟು? ಒಂದು ಲಾಗರ್ (ಕರೆಂಟ್ ಅಳೆದು ದಾಖಲಿಸುವ ಮೀಟರ್) ಹಾಕಿ ಮೂರೂ ಫೇಸ್ ಮತ್ತು ನ್ಯೂಟ್ರಲ್ ಬೇರೆ ಬೇರೆಯಾಗಿ ಅಳೆಯಿರಿ. ವಾರಾಂತ್ಯವೂ ಸೇರಲಿ. ಮುಖ್ಯವಾಗಿ ಸೂರ್ಯ ಮುಳುಗಿದ ಮೇಲಿನ ಲೆಕ್ಕ ಬೇಕು. ಹಗಲಿನ ರೀಡಿಂಗ್ ನೋಡಿ ಖುಷಿಪಡಬೇಡಿ, ಸೋಲಾರ್ ಅರ್ಧ ಲೋಡನ್ನು ಮುಚ್ಚಿಟ್ಟಿರುತ್ತದೆ.

ರಾತ್ರಿಪಾಳಿ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. 285 ಅನ್ನುವುದು ಇವತ್ತಿನ ಪೀಕ್. 12 ಚಾರ್ಜರ್ ಅಂದರೆ ಸುಮಾರು 89 ಕಿಲೋವ್ಯಾಟ್. ಕಿಲೋವ್ಯಾಟೂ ಕೆವಿಎಯೂ ಹೆಚ್ಚುಕಡಿಮೆ ಒಂದೇ ಅಂದುಕೊಂಡರೆ, ಎರಡೂ ಒಂದೇ ಹೊತ್ತಿಗೆ ಬಂದಾಗ 374. ಮಂಜೂರಾತಿ 350 ತಾನೇ? ಟ್ರಾನ್ಸ್‌ಫಾರ್ಮರ್‌ಗೆ ಏನೂ ಆಗುವುದಿಲ್ಲ, ಬಿಲ್‌ಗೆ ಆಗುತ್ತದೆ. ಜನ ಮನೆಗೆ ಬಂದು ಕಾರ್ ಪ್ಲಗ್ ಹಾಕುವ ಹೊತ್ತೂ ನಿಮ್ಮ ಸಂಜೆ ಪೀಕೂ ಒಂದೇ ಆಗಿದ್ದರೆ ಇದು ಖಂಡಿತ ಬರುತ್ತದೆ.

ಐದುಕಟ್ಟಡ

ಲಾಗರ್ ಬಾಡಿಗೆಗೆ ತಂದು ಹಾಕಿದೆವು. ಬ್ರೇಕರ್ 250 ಆಂಪ್, ಕೇಬಲ್ 120 ಚದರ ಮಿಲಿಮೀಟರ್ ತಾಮ್ರ. ಸಂಜೆ ಸೋಲಾರ್ ನಿಂತ ಮೇಲೆ ಅತಿ ಜಾಸ್ತಿ ಕಂಡದ್ದು:

ಆರ್ ಫೇಸ್ 165 ಆಂಪ್
ವೈ ಫೇಸ್ 120 ಆಂಪ್
ಬಿ ಫೇಸ್ 95 ಆಂಪ್
ನ್ಯೂಟ್ರಲ್ 90 ಆಂಪ್

ನ್ಯೂಟ್ರಲ್ ಯಾಕೆ ಇಷ್ಟು ಜಾಸ್ತಿ? ಲಾಗರ್ ಕೆಟ್ಟಿದೆಯಾ?

ತಾಮ್ರತಂತಿ

ಲಾಗರ್ ಸರಿಯಾಗಿಯೇ ಇದೆ. ಮೂರು ಫೇಸ್ ಸಮ ಇಲ್ಲದಿದ್ದರೆ ಉಳಿದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. 165, 120, 95ಕ್ಕೆ ಲೆಕ್ಕ ಹಾಕಿದರೆ ಸುಮಾರು 61 ಆಂಪ್ ಬರುತ್ತದೆ, ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ಕೆಲಸಕ್ಕೆ ಬರುವ ಕಿಲೋವ್ಯಾಟ್‌ನ ಪಾಲು) ಮೂರಕ್ಕೂ ಒಂದೇ ಅಂದುಕೊಂಡು. ಉಳಿದದ್ದು ಮೂರನೇ ಹಾರ್ಮೋನಿಕ್, ಅಂದರೆ ಮೂರು ಪಟ್ಟು ಫ್ರೀಕ್ವೆನ್ಸಿಯ ಕರೆಂಟ್. ಎಲ್‌ಇಡಿ ದೀಪ, ಕಂಪ್ಯೂಟರ್, ಅಗ್ಗದ ಪವರ್ ಸಪ್ಲೈ ಇವೆಲ್ಲ ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ, ಕಚ್ಚಿ ಕಚ್ಚಿ ಎಳೆಯುತ್ತವೆ. 50 ಹರ್ಟ್ಸ್ ಸಿಸ್ಟಮ್‌ನಲ್ಲಿ ಅದು 150 ಹರ್ಟ್ಸ್ ಆಗಿ ಕಾಣುತ್ತದೆ. ತಮಾಷೆ ಏನೆಂದರೆ ಮೂರು ಫೇಸ್‌ನ 150 ಹರ್ಟ್ಸ್ ಕರೆಂಟ್ ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಕಳೆಯುವುದಿಲ್ಲ, ಕೂಡಿಕೊಳ್ಳುತ್ತದೆ. ಫೇಸಿಗೆ ಸರಾಸರಿ 22 ಆಂಪ್ ಇದ್ದರೆ ನ್ಯೂಟ್ರಲ್‌ನಲ್ಲಿ 66. ಆ 66, ಈ 61. ಫ್ರೀಕ್ವೆನ್ಸಿ ಬೇರೆಯಾದ್ದರಿಂದ ನೇರ ಕೂಡಿಸುವ ಹಾಗಿಲ್ಲ. ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 90. ನಿಮ್ಮ ರೀಡಿಂಗ್ ಅದೇ.

ಹಳೇ ಕೇಬಲ್ ಆಗಿದ್ದರೆ ನ್ಯೂಟ್ರಲ್ ಅರ್ಧ ಸೈಜ್ ಇರಬಹುದು. ನೋಡಿ ಹೇಳಿ. ಅರ್ಧ ಸೈಜ್ ನ್ಯೂಟ್ರಲ್‌ಗೆ ಬ್ರೇಕರ್‌ನ ರಕ್ಷಣೆ ಇಲ್ಲದಿದ್ದರೆ ಬಿಸಿಯಾದರೂ ಯಾರಿಗೂ ಗೊತ್ತಾಗುವುದಿಲ್ಲ.

ಈಗ ಚಾರ್ಜರ್ ವಿಷಯ. ಫೇಸಿಗೆ 4 ಚಾರ್ಜರ್, ಒಂದಕ್ಕೆ 32, ಒಟ್ಟು 128 ಆಂಪ್. ಆರ್ ಫೇಸ್ 293 ಆಗುತ್ತದೆ. ಬ್ರೇಕರ್ 250. ಮಾರುವವರು ಹೇಳಿದ ಜಾಗ ಇಲ್ಲಿ ಇಲ್ಲ.

ಸುಮ್ನೆನೋಡಿದೆ

293ಕ್ಕೆ ಬ್ರೇಕರ್ ಬಿದ್ದೇ ಬೀಳುತ್ತದೆ, ಆಗ ಗೊತ್ತಾಗುತ್ತದೆ ಅಲ್ವಾ? ಇಷ್ಟು ಲೆಕ್ಕ ಯಾಕೆ?

ತಾಮ್ರತಂತಿ

ಬೀಳಲೇಬೇಕೆಂದಿಲ್ಲ. ಈ ತರದ ಬ್ರೇಕರ್‌ಗಳ ಅಂತರರಾಷ್ಟ್ರೀಯ ನಿಯಮ ಐಇಸಿ 60947-2 ನೋಡಿ. ಸೆಟ್ಟಿಂಗ್‌ನ 1.05 ಪಟ್ಟಿಗೆ ಎರಡು ಗಂಟೆ ಟ್ರಿಪ್ ಆಗಬಾರದು, 1.3 ಪಟ್ಟಿಗೆ ಎರಡು ಗಂಟೆಯೊಳಗೆ ಆಗಬೇಕು. 250ರ 1.3 ಪಟ್ಟು ಅಂದರೆ 325. ನಿಮ್ಮ 293 ಮಧ್ಯದಲ್ಲಿ ಕೂತಿದೆ. ಕೆಲವು ರಾತ್ರಿ ಬೀಳುತ್ತದೆ, ಕೆಲವು ರಾತ್ರಿ ಬೀಳುವುದಿಲ್ಲ. ಬೀಳದ ರಾತ್ರಿಗಳಲ್ಲಿ ಕೇಬಲ್ ಬೇಯುತ್ತಿರುತ್ತದೆ. ಮನೆಯ ಚಿಕ್ಕ ಲೋಡ್ ಬಂದು ಹೋಗುತ್ತದೆ, ಕಾರ್ ಹಾಗಲ್ಲ, ನಾಲ್ಕೈದು ಗಂಟೆ ಒಂದೇ ಸಮ ಎಳೆಯುತ್ತದೆ. ಕೇಬಲ್‌ಗೆ ತಣ್ಣಗಾಗಲು ಹೊತ್ತೇ ಸಿಗುವುದಿಲ್ಲ.

ಬಸ್‌ಬಾರ್

ಮೂರೂ ಫೇಸ್ ಸಮ ಮಾಡಿದರೆ? ಒಟ್ಟು 380 ಆಂಪ್, ಮೂರರಲ್ಲಿ ಹಂಚಿದರೆ 127. ಅದಕ್ಕೆ 128 ಸೇರಿಸಿದರೆ 255. ಸ್ವಲ್ಪದರಲ್ಲಿ ತಪ್ಪುತ್ತದೆ. ಅಂದರೆ ಹೊಸ ಕೇಬಲ್ ಬೇಕಿಲ್ಲ, 12 ಚಾರ್ಜರ್ ಒಟ್ಟಿಗೆ ಪೂರ್ತಿ ಓಡದ ಹಾಗೆ ನೋಡಿಕೊಂಡರೆ ಸಾಕು. ಲೋಡ್ ಮ್ಯಾನೇಜ್‌ಮೆಂಟ್ ಹಾಕಿ.

ಮೊದಲು ಆರ್ ಫೇಸಿನಿಂದ ಒಂದೆರಡು ಸರ್ಕ್ಯೂಟ್ ಬಿ ಫೇಸಿಗೆ ಸ್ಥಳಾಂತರಿಸಿ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ, ಒಬ್ಬ ಎಲೆಕ್ಟ್ರಿಷಿಯನ್ ಮತ್ತು ಅರ್ಧ ದಿನ ಪವರ್ ಕಟ್ ಸಾಕು. ಜನ ಇದನ್ನು ಬಿಟ್ಟು ನೇರ ಆ್ಯಪ್ ಕೊಳ್ಳಲು ಹೋಗುತ್ತಾರೆ, ನನಗೆ ಅದೇ ಸಿಟ್ಟು.

ಚಾರ್ಜರ್ ವೈರಿಂಗ್‌ನಲ್ಲೂ ಒಂದು ಎಚ್ಚರಿಕೆ. ಮುಂದೆ ಮೂರು ಫೇಸಿನ ಚಾರ್ಜರ್ ಹಾಕಿದರೂ ಎಷ್ಟೋ ಕಾರುಗಳ ಒಳಗಿನ ಚಾರ್ಜರ್ ಸಿಂಗಲ್ ಫೇಸೇ ಇರುತ್ತದೆ. ಅವು ಚಾರ್ಜರ್ ಬಾಕ್ಸ್‌ನ ಮೊದಲನೇ ಟರ್ಮಿನಲ್‌ನಿಂದ ಮಾತ್ರ ಕರೆಂಟ್ ತೆಗೆಯುತ್ತವೆ. ಎಲ್ಲ ಬಾಕ್ಸ್‌ಗೂ ಮೊದಲನೇ ಟರ್ಮಿನಲ್‌ಗೆ ಆರ್ ಫೇಸ್ ಕೊಟ್ಟರೆ ಎಲ್ಲ ಕಾರೂ ಆರ್ ಮೇಲೆ. ಒಂದರಲ್ಲಿ ಆರ್-ವೈ-ಬಿ, ಮುಂದಿನದರಲ್ಲಿ ವೈ-ಬಿ-ಆರ್, ಆಮೇಲೆ ಬಿ-ಆರ್-ವೈ ಅಂತ ತಿರುಗಿಸಿ ಹಾಕಬೇಕು. ಯಾವ ಬಾಕ್ಸಿಗೆ ಯಾವ ಕ್ರಮ ಅಂತ ಲೋಡ್ ಮ್ಯಾನೇಜ್‌ಮೆಂಟ್ ಮಾಡುವ ಕಂಟ್ರೋಲರ್‌ಗೂ ತಿಳಿಸಬೇಕು. ಇಲ್ಲದಿದ್ದರೆ ಆರ್ ತುಂಬಿದಾಗ ಅದು ವೈ ಮೇಲಿರುವ ಕಾರನ್ನು ಕಡಿಮೆ ಮಾಡುತ್ತಾ ಕೂತಿರುತ್ತದೆ.

ಐದುಕಟ್ಟಡ

ನ್ಯೂಟ್ರಲ್ ಪೂರ್ತಿ ಸೈಜೇ ಇದೆ, ಈಗಷ್ಟೇ ನೋಡಿ ಬಂದೆ. ಲೋಡ್ ಮ್ಯಾನೇಜ್‌ಮೆಂಟ್ ಹೇಗೆ ಕೆಲಸ ಮಾಡುತ್ತದೆ? ಫೀಡರ್‌ನದೂ ನೋಡಬೇಕು, ಮೇನ್‌ನದೂ ನೋಡಬೇಕು. ಎರಡಕ್ಕೂ ಒಂದೇ ಬಾಕ್ಸ್ ಸಾಕಾ?

ಬಸ್‌ಬಾರ್

ಬಾಕ್ಸ್ ಒಂದೇ ಇರಬಹುದು. ಆದರೆ ಎರಡು ಮಿತಿಗೂ ಗಡಿಯಾರ ಬೇರೆ ಬೇರೆ, ಇದನ್ನು ಮೊದಲು ಅರ್ಥ ಮಾಡಿಕೊಳ್ಳಿ.

ಡಿಮ್ಯಾಂಡ್ ಅಂದರೆ ಆ ಕ್ಷಣದ ಕೆವಿಎ ಅಲ್ಲ. 15 ನಿಮಿಷ ಅಥವಾ 30 ನಿಮಿಷದ ಸರಾಸರಿ, ನಿಮ್ಮ ಮೀಟರ್‌ನಲ್ಲಿ ಹೇಗೆ ಸೆಟ್ ಮಾಡಿದ್ದಾರೋ ಹಾಗೆ. ಸುಲಭಕ್ಕೆ ಪವರ್ ಫ್ಯಾಕ್ಟರ್ 1 ಅಂದುಕೊಳ್ಳಿ. 350ರ ಮಿತಿ ಅಂದರೆ 15 ನಿಮಿಷದಲ್ಲಿ 87.5 ಯೂನಿಟ್. ಮೊದಲ 10 ನಿಮಿಷದಲ್ಲಿ 65 ಯೂನಿಟ್ ಹೋಯಿತು ಅನ್ನಿ. ಉಳಿದ 5 ನಿಮಿಷಕ್ಕೆ 22.5 ಯೂನಿಟ್. ಅಂದರೆ ಈಗಿನಿಂದ 270ರ ಮೇಲೆ ಹೋಗಬಾರದು. ಆ 10 ನಿಮಿಷ ಸರಾಸರಿ 390 ಇದ್ದರೂ ಚಿಂತೆ ಇಲ್ಲ, ಆಮೇಲೆ ಸರಿದೂಗಿಸಬಹುದು.

ಫೀಡರ್‌ನಲ್ಲಿ ಆ ಉಸಿರು ಇಲ್ಲ. ಅಲ್ಲಿ ಪ್ರತಿ ಫೇಸನ್ನೂ ಒಂದೆರಡು ಸೆಕೆಂಡಿಗೊಮ್ಮೆ ಓದಬೇಕು. ಮೀರಿದರೆ ತಕ್ಷಣ ಇಳಿಸಬೇಕು. ಏರಿಸುವುದು ಮಾತ್ರ ನಿಧಾನ, ಒಂದೆರಡು ನಿಮಿಷ ತಡೆದು ಸ್ವಲ್ಪ ಸ್ವಲ್ಪ. ಇಳಿಸುವುದೂ ಏರಿಸುವುದೂ ಒಂದೇ ವೇಗದಲ್ಲಿ ಮಾಡಿದರೆ 12 ಚಾರ್ಜರೂ ಉಯ್ಯಾಲೆ ಆಡುತ್ತವೆ.

ನಿಮ್ಮ ಲೆಕ್ಕ ಹಾಕೋಣ. ಫೇಸ್ ಸಮ ಮಾಡಿದ ಮೇಲೆ 127. ಫೀಡರ್ ಮಿತಿ 230 ಅಂತ ಇಡಿ, 250 ಬೇಡ. ಚಾರ್ಜರ್‌ಗಳಿಗೆ ಫೇಸಿಗೆ 103 ಆಂಪ್ ಸಿಕ್ಕಿತು. ಮೇನ್‌ನಲ್ಲಿ 350ರಲ್ಲಿ 285 ಕಳೆದು 65, ಅಂಚಿಗೆ ಹೋಗದೆ 50 ಅನ್ನೋಣ. ಅದು ಫೇಸಿಗೆ ಸುಮಾರು 72 ಆಂಪ್. ಎರಡರಲ್ಲಿ ಕಡಿಮೆ 72. ಅಂದರೆ ಸಂಜೆ ಪೀಕ್‌ನಲ್ಲಿ ಒಂದೊಂದು ಕಾರಿಗೆ 18 ಆಂಪ್. ಹತ್ತು ಗಂಟೆ ಮೇಲೆ ಕಟ್ಟಡಗಳ ಲೋಡ್ ಇಳಿದಾಗ ತಾನಾಗಿಯೇ 32ಕ್ಕೆ ಏರುತ್ತದೆ. ಬೆಳಿಗ್ಗೆ ಎಲ್ಲರ ಕಾರೂ ತುಂಬಿರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ.

ರಾತ್ರಿಪಾಳಿ

ಒಂದು ಕಾರಿಗೆ 6 ಆಂಪಿಗಿಂತ ಕಡಿಮೆ ಕೊಡಲು ಆಗುವುದಿಲ್ಲ, ಅದೂ ನೆನಪಿರಲಿ. ಐಇಸಿ 61851 ಪ್ರಕಾರ ಚಾರ್ಜರ್ ಕಾರಿಗೆ ಹೇಳಬಹುದಾದ ಕನಿಷ್ಠ ಅದೇ. ಅದಕ್ಕಿಂತ ಕಡಿಮೆ ಅಂದರೆ ನಿಲ್ಲಿಸಬೇಕು. ಜಾಗ ತೀರಾ ಕಡಿಮೆ ಇದ್ದಾಗ ಎಲ್ಲರಿಗೂ ಚೂರು ಚೂರು ಹಂಚುವ ಬದಲು ಸರದಿ ಹಾಕಿ. ಕೆಲವು ಕಾರುಗಳನ್ನು ಪದೇ ಪದೇ ನಿಲ್ಲಿಸಿ ಶುರು ಮಾಡಿದರೆ ನಿದ್ದೆಗೆ ಜಾರಿ ಏಳುವುದೇ ಇಲ್ಲ. ಬೆಳಿಗ್ಗೆ ಬೈಗುಳ ತಿನ್ನುವುದು ಮೆಂಟೆನೆನ್ಸ್‌ನವರು.

ಹಳೇಮೀಟರ್

ಎಲ್ಲರೂ ಕಾರಿನ ಹಿಂದೆ ಹೋಗಿದ್ದೀರಿ. ಆ ಸೋಲಾರ್ ಕಡೆ ಸ್ವಲ್ಪ ನೋಡಿ.

4ನೇ ಕಟ್ಟಡದ ಪ್ಯಾನೆಲ್‌ಗೆ ಈಗ ಎರಡು ಕಡೆಯಿಂದ ಕರೆಂಟ್ ಬರುತ್ತದೆ. ಫೀಡರ್‌ನಿಂದ 250 ತನಕ. ಸೋಲಾರ್‌ನಿಂದ 100 ಕಿಲೋವ್ಯಾಟ್, ಅಂದರೆ 400 ವೋಲ್ಟ್‌ನಲ್ಲಿ ಸುಮಾರು 144 ಆಂಪ್. ಎರಡೂ ಸೇರಿ 394 ಆಂಪ್ ಬಸ್‌ಬಾರ್ (ಪ್ಯಾನೆಲ್ ಒಳಗೆ ಕರೆಂಟ್ ಹಂಚುವ ಲೋಹದ ಪಟ್ಟಿ) ಮೇಲೆ ಹರಿಯಬಹುದು. ಫೀಡರ್ ಬ್ರೇಕರ್ ತನ್ನ 250 ಮಾತ್ರ ನೋಡುತ್ತದೆ, ಅದು ಬೀಳುವುದಿಲ್ಲ. ಸೋಲಾರ್ ಬ್ರೇಕರೂ ಬೀಳುವುದಿಲ್ಲ. ಮೊದಲು ಲೋಡ್ ಕಡಿಮೆ ಇತ್ತು, ತೊಂದರೆ ಇರಲಿಲ್ಲ. ಈಗ 12 ಚಾರ್ಜರ್ ಹಾಕುತ್ತಿದ್ದೀರಿ. ಪ್ಯಾನೆಲ್ ಪ್ಲೇಟ್ ಮೇಲೆ ಬಸ್‌ಬಾರ್ ರೇಟಿಂಗ್ ಎಷ್ಟಿದೆ ಓದಿ.

ಐದುಕಟ್ಟಡ

ಟಾರ್ಚ್ ಹಿಡಿದು ಓದಿ ಬಂದೆ. ಧೂಳು ಒರೆಸಿದ ಮೇಲೆ 400 ಆಂಪ್ ಅಂತ ಕಂಡಿತು.

ಹಳೇಮೀಟರ್

ಬಚಾವ್, ಕೂದಲೆಳೆಯಲ್ಲಿ. ನಾಳೆ ಯಾರಾದರೂ ಇನ್ನೊಂದು 20 ಕಿಲೋವ್ಯಾಟ್ ಸೋಲಾರ್ ಅದೇ ಪ್ಯಾನೆಲ್‌ಗೆ ಸೇರಿಸೋಣ ಅಂದರೆ ಒಪ್ಪಬೇಡಿ. 29 ಆಂಪ್ ಜಾಸ್ತಿಯಾಗಿ 423 ಆಗುತ್ತದೆ. ಪ್ಯಾನೆಲ್ ಬಾಗಿಲ ಮೇಲೆ ಈಗಲೇ ಬರೆದು ಅಂಟಿಸಿ.

ಇನ್ನೊಂದು ವಿಷಯ ಮೋಡ. ಮಧ್ಯಾಹ್ನ ಕಟ್ಟಡ 127, ಚಾರ್ಜರ್ 128, ಒಟ್ಟು 255. ಸೋಲಾರ್ 130 ಕೊಡುತ್ತಿದ್ದರೆ ಫೀಡರ್‌ನಲ್ಲಿ ಕಾಣುವುದು 125. ಕಂಟ್ರೋಲರ್‌ಗೆ ಎಲ್ಲ ಆರಾಮ. ಒಂದು ದಪ್ಪ ಮೋಡ ಬಂದರೆ ಕೆಲವೇ ಸೆಕೆಂಡಿನಲ್ಲಿ ಫೀಡರ್ 250ರ ಹತ್ತಿರ ಹೋಗಿ ನಿಲ್ಲುತ್ತದೆ. ಅದಕ್ಕೇ ಮೇಲಿನವರು 230 ಅಂದದ್ದು, ಅದಕ್ಕೇ ಇಳಿಸುವುದು ತಕ್ಷಣ ಆಗಬೇಕು.

ವೋಲ್ಟೇಜ್ ಕೂಡ ನೋಡಿ. ನಿಮ್ಮ 220 ಮೀಟರ್ 120 ಚದರದ ಕೇಬಲ್‌ಗೆ, ಬಿಸಿಯಾದಾಗ, ಫೇಸಿಗೆ ಹತ್ತಿರ ಹತ್ತಿರ 0.04 ಓಮ್ ರೆಸಿಸ್ಟೆನ್ಸ್. 230 ಆಂಪ್ ಹರಿದರೆ 9 ವೋಲ್ಟ್ ಬೀಳುತ್ತದೆ. ರಾತ್ರಿ ಆ ಕಡೆಯ ದೀಪ ಮಂಕಾಯಿತು ಅಂತ ಟ್ರಾನ್ಸ್‌ಫಾರ್ಮರ್ ಟ್ಯಾಪ್ (ವೋಲ್ಟೇಜ್ ಏರಿಳಿಸುವ ಸೆಟ್ಟಿಂಗ್) ಮೇಲೆತ್ತುವ ಆಸೆ ಬರುತ್ತದೆ. ಎತ್ತಿದರೆ ರಜೆ ದಿನ ಮಧ್ಯಾಹ್ನ, ಲೋಡ್ ಇಲ್ಲದೆ ಸೋಲಾರ್ ಪೂರ್ತಿ ಓಡುವಾಗ, ಅದೇ ಕೇಬಲ್‌ನಲ್ಲಿ ಕರೆಂಟ್ ಹಿಂದಕ್ಕೆ ಹರಿದು ಆ ತುದಿಯಲ್ಲಿ 5-6 ವೋಲ್ಟ್ ಏರುತ್ತದೆ. 253 ದಾಟಿದರೆ, ಅಂದರೆ 230ರ ಮೇಲೆ ಶೇಕಡಾ 10, ಸಾಮಾನ್ಯವಾಗಿ ಸೋಲಾರ್ ಇನ್ವರ್ಟರ್ (ಸೋಲಾರ್‌ನ ಡಿಸಿಯನ್ನು ಎಸಿ ಮಾಡುವ ಯಂತ್ರ) ಮುನಿಸಿಕೊಂಡು ಆಫ್ ಆಗುತ್ತದೆ. ಟ್ಯಾಪ್ ಮುಟ್ಟುವ ಮೊದಲು ಎರಡೂ ತುದಿಯ ರೀಡಿಂಗ್ ನೋಡಿ.

ಬಿಲ್‌ಲೆಕ್ಕ

ಸೋಲಾರ್ ಬಂದ ಮೇಲೆ ಪವರ್ ಫ್ಯಾಕ್ಟರ್ ಕೆಟ್ಟಿತು ಅಂತ ಬಿಲ್‌ನಲ್ಲಿ ಬರುತ್ತಿದೆಯಾ? ಎಷ್ಟೋ ಕಡೆ ಇದೇ ದೂರು. ಲೋಡ್ 200 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.95 ಅಂದರೆ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಹೋಗಿ ಬರುವುದು) 66 ಕೆವಿಎಆರ್. ಈಗ ಸೋಲಾರ್ 150 ಕಿಲೋವ್ಯಾಟ್ ಕೊಟ್ಟಿತು ಅನ್ನಿ. ಹೊರಗಿನಿಂದ ಬರುವುದು 50 ಕಿಲೋವ್ಯಾಟ್, ಆದರೆ ಆ 66 ಹಾಗೇ ಬರಬೇಕು. ಮೀಟರ್‌ನಲ್ಲಿ 0.6 ಕಾಣುತ್ತದೆ. ಯಾವ ಮೋಟಾರೂ ಕೆಟ್ಟಿಲ್ಲ, ಲೆಕ್ಕ ಅಷ್ಟೇ. ಹೆಚ್ಚಿನ ಇನ್ವರ್ಟರ್‌ಗಳು ರಿಯಾಕ್ಟಿವ್ ಪವರ್ ಕೊಡಬಲ್ಲವು, ಸೆಟ್ಟಿಂಗ್ ಬದಲಿಸಿ ನೋಡಿ. ಹೊಸ ಕೆಪಾಸಿಟರ್ ಬ್ಯಾಂಕ್ ಕೊಳ್ಳುವುದು ಆಮೇಲಿನ ಮಾತು.

ಬಿಲ್ ಹಂಚಿಕೆ ಜಗಳ ಅಂದಿದ್ದಿರಲ್ಲ, ಅದು ಏನು?

ಐದುಕಟ್ಟಡ

ಎರಡು ಜಗಳ. ಒಂದನೆಯದು, ಹೋದ ತಿಂಗಳು ಮೇನ್ ಮೀಟರ್ 61,000 ಯೂನಿಟ್ ತೋರಿಸಿತು. ಐದು ಸಬ್ ಮೀಟರ್ ಕೂಡಿದರೆ 54,900. ಉಳಿದ 6,100 ಯಾರ ತಲೆಗೆ? ಈವರೆಗೆ "ಲೈನ್ ಲಾಸ್" ಅಂತ ಎಲ್ಲರಿಗೂ ಸಮ ಹಂಚುತ್ತಿದ್ದಾರೆ. ಸಬ್ ಮೀಟರ್‌ಗಳು ಎಲ್ಲವೂ ಮೇನ್ ಪ್ಯಾನೆಲ್‌ನಲ್ಲೇ, ಫೀಡರ್ ಹೊರಡುವ ಜಾಗದಲ್ಲಿವೆ. 4ನೇದರ ಸೋಲಾರ್ ವಾಪಸ್ ಕೊಟ್ಟದ್ದನ್ನು ಕಳೆದೇ ಈ ಲೆಕ್ಕ.

ಎರಡನೆಯದು ಡಿಮ್ಯಾಂಡ್ ಚಾರ್ಜ್. ಅದನ್ನು ಹೇಗೆ ಹಂಚುವುದು ಅಂತಲೇ ಗೊತ್ತಿಲ್ಲ.

ತಾಮ್ರತಂತಿ

ಸಬ್ ಮೀಟರ್ ಫೀಡರ್ ಬುಡದಲ್ಲಿದ್ದರೆ ಕೇಬಲ್ ನಷ್ಟ ಆಯಾ ಸಬ್ ಮೀಟರ್ ಒಳಗೇ ಬಂದಿರುತ್ತದೆ. ಹಾಗಾಗಿ ಇದು ಲೈನ್ ಲಾಸ್ ಆಗಲು ಸಾಧ್ಯವೇ ಇಲ್ಲ. ಮೇನ್ ಮೀಟರ್ ಹೈ ವೋಲ್ಟೇಜ್ ಕಡೆ ಇದ್ದರೆ ಟ್ರಾನ್ಸ್‌ಫಾರ್ಮರ್ ನಷ್ಟ ಮತ್ತು ಸಬ್ ಮೀಟರ್ ಇಲ್ಲದ ದೀಪ, ಪಂಪ್ ಇಷ್ಟು ಮಾತ್ರ ವ್ಯತ್ಯಾಸ ಬರಬೇಕು. ಶೇಕಡಾ 10 ತುಂಬಾ ಜಾಸ್ತಿ.

ಪ್ರತಿ ಸಬ್ ಮೀಟರ್‌ನಲ್ಲೂ ಡಿಸ್‌ಪ್ಲೇ ಬಟನ್ ಒತ್ತಿ ಫೇಸ್‌ವಾರು ಕಿಲೋವ್ಯಾಟ್ ನೋಡಿ. ಎಲ್ಲಾದರೂ ಮೈನಸ್ ಇದೆಯಾ?

ಐದುಕಟ್ಟಡ

5ನೇ ಕಟ್ಟಡದ್ದು: ಆರ್ 3.8, ವೈ 3.5, ಬಿ ಮೈನಸ್ 3.7. ಅಲ್ಲಿ ಸೋಲಾರ್ ಇಲ್ಲವೇ ಇಲ್ಲ!

ತಾಮ್ರತಂತಿ

ಸಿಕ್ಕಿತು. ಬಿ ಫೇಸಿನ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್, ಮೀಟರ್‌ಗಾಗಿ ಕರೆಂಟ್ ಅಳೆಯುವ ಸಾಧನ) ಉಲ್ಟಾ ಹಾಕಿದ್ದಾರೆ. ಮೀಟರ್ ಎರಡು ಕೂಡಿ ಒಂದು ಕಳೆಯುತ್ತಿದೆ. 11 ಕಿಲೋವ್ಯಾಟ್ ಇರಬೇಕಾದ ಕಡೆ 3.6 ಕಾಣುತ್ತಿದೆ, ಅಂದರೆ ಮೂರನೇ ಒಂದು ಭಾಗ. 5ನೇದು ಹೋದ ತಿಂಗಳು ಎಷ್ಟು ಯೂನಿಟ್ ತೋರಿಸಿತ್ತು?

ಐದುಕಟ್ಟಡ

2,600.

ಬಿಲ್‌ಲೆಕ್ಕ

ನಿಜವಾದದ್ದು ಸುಮಾರು 7,800. ಕಾಣೆಯಾದ 6,100ರಲ್ಲಿ 5,200 ಅಲ್ಲೇ ಇದೆ. ಉಳಿದದ್ದು 900. ಟ್ರಾನ್ಸ್‌ಫಾರ್ಮರ್‌ನಲ್ಲಿ ಲೋಡ್ ಇರಲಿ ಬಿಡಲಿ, ಕಬ್ಬಿಣದ ನಷ್ಟ 24 ಗಂಟೆಯೂ ಇರುತ್ತದೆ. ಈ ಸೈಜಿಗೆ 700 ವ್ಯಾಟ್ ಅಂದುಕೊಂಡರೂ ತಿಂಗಳಿಗೆ 500 ಯೂನಿಟ್. ಇನ್ನು ಲೋಡ್ ಹೆಚ್ಚಾದಾಗಿನ ನಷ್ಟ, ಅಂಗಳದ ದೀಪ. 900 ಸರಿಹೊಂದುತ್ತದೆ.

ತಾಮ್ರತಂತಿ

ಸರಿಪಡಿಸುವಾಗ ಒಂದು ಮಾತು. ಕರೆಂಟ್ ಹರಿಯುತ್ತಿರುವಾಗ ಸಿಟಿಯ ಸೆಕೆಂಡರಿ ವೈರ್ (ಮೀಟರ್‌ಗೆ ಹೋಗುವುದು) ಬಿಚ್ಚಬಾರದು. ತೆರೆದ ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಬರಬಹುದು. ಮೊದಲು ಅದರ ಎರಡು ತುದಿ ಕೂಡಿಸುವ ಶಾರ್ಟಿಂಗ್ ಲಿಂಕ್ ಹಾಕಿ, ಅಥವಾ ಫೀಡರ್ ಆಫ್ ಮಾಡಿ. ಲೈಸೆನ್ಸ್ ಇರುವವರಿಂದಲೇ ಮಾಡಿಸಿ.

ಸುಮ್ನೆನೋಡಿದೆ

5ನೇ ಕಟ್ಟಡದವರು ಇದನ್ನು ಓದಿದರೆ ಥ್ರೆಡ್‌ಗೆ ಬೀಗ ಹಾಕಿಸುತ್ತಾರೆ 😄

ಬಿಲ್‌ಲೆಕ್ಕ

ಹಳೇ ಬಾಕಿ ಕೇಳುವುದು ಕಮಿಟಿಗೆ ಬಿಟ್ಟದ್ದು. ಡಿಮ್ಯಾಂಡ್ ವಿಷಯಕ್ಕೆ ಬರೋಣ. ಲಾಗರ್ ಎಲ್ಲ ಫೀಡರ್‌ಗೂ ಹಾಕಿದ್ದಿರಾ? ಪ್ರತಿ ಕಟ್ಟಡದ ಸ್ವಂತ ಪೀಕ್ ಎಷ್ಟು, ಒಟ್ಟು 285 ಬಂದ ಹೊತ್ತಿನಲ್ಲಿ ಎಷ್ಟು?

ಐದುಕಟ್ಟಡ

ಹೌದು, ಸರದಿ ಮೇಲೆ ಎಲ್ಲದಕ್ಕೂ ಹಾಕಿದೆವು. ಒಟ್ಟು ಪೀಕ್ ಹೊತ್ತಿನದನ್ನು ಪಕ್ಕದ ವಾರಗಳ ಅದೇ ಹೊತ್ತು ನೋಡಿ ಹೊಂದಿಸಿದ್ದು.

1ನೇದು: ಸ್ವಂತ ಪೀಕ್ 60, ಒಟ್ಟು ಪೀಕ್‌ನಲ್ಲಿ 55
2ನೇದು: 85, 78
3ನೇದು: 110, 40
4ನೇದು: 90, 87
5ನೇದು: 45, 25

ಬಿಲ್‌ಲೆಕ್ಕ

ಸ್ವಂತ ಪೀಕ್ ಎಲ್ಲ ಕೂಡಿದರೆ 390. ಒಟ್ಟಿಗೆ ಬಂದದ್ದು 285. ಎಲ್ಲರ ಪೀಕ್ ಒಂದೇ ಹೊತ್ತಿಗೆ ಬಾರದ್ದರಿಂದ 105 ಕೆವಿಎ ಉಳಿಯಿತು. ಒಂದೇ ಕನೆಕ್ಷನ್ ಇಟ್ಟುಕೊಂಡದ್ದರ ಲಾಭ ಇದೇ. ಐದು ಬೇರೆ ಬೇರೆ ಕನೆಕ್ಷನ್ ಆಗಿದ್ದರೆ ಐವರೂ ತಮ್ಮ ಪೀಕ್‌ಗೆ ಕಟ್ಟಬೇಕಿತ್ತು.

ಈಗ ಹಂಚಿಕೆ. ಸ್ವಂತ ಪೀಕ್ ಪ್ರಕಾರ 3ನೇ ಕಟ್ಟಡ ಶೇಕಡಾ 28 ಕೊಡಬೇಕು, 4ನೇದು 23. ಒಟ್ಟು ಪೀಕ್ ಹೊತ್ತಿನ ಪಾಲಿನ ಪ್ರಕಾರ 3ನೇದು 14, 4ನೇದು 31. ನನ್ನ ಪ್ರಕಾರ ಎರಡನೆಯದೇ ನ್ಯಾಯ. 285 ಆಗಲು ಕಾರಣ ಯಾರೋ ಅವರು ಕೊಡಲಿ. 3ನೇ ಕಟ್ಟಡ ಹಗಲು ಕೆಲಸ ಮುಗಿಸಿ ಸಂಜೆ ಸುಮ್ಮನಾಗುತ್ತದೆ.

ರಾತ್ರಿಪಾಳಿ

ನಾನು ಒಪ್ಪುವುದಿಲ್ಲ. ಒಂದು ತಿಂಗಳ ಒಂದೇ ಒಂದು 15 ನಿಮಿಷ ನೋಡಿ ಇಡೀ ಡಿಮ್ಯಾಂಡ್ ಚಾರ್ಜ್ ಹಂಚಿದರೆ ಅದು ಲಾಟರಿ. ಆ ಹೊತ್ತಿಗೆ ಲಿಫ್ಟ್ ಓಡಿದರೆ ನಷ್ಟ, ಪಂಪ್ ನಿಂತಿದ್ದರೆ ಲಾಭ. 3ನೇ ಕಟ್ಟಡದವರಿಗೂ 110 ಬೇಕಾದಾಗ 110 ಸಿಗುತ್ತದೆ ತಾನೇ? ಅವರಿಗಾಗಿ ಅಷ್ಟು ದಪ್ಪ ಕೇಬಲ್, ಅಷ್ಟು ದೊಡ್ಡ ಬ್ರೇಕರ್ ಕಾದು ಕೂತಿದೆ. ಅದಕ್ಕೂ ಬೆಲೆ ಇದೆ.

ಬಿಲ್‌ಲೆಕ್ಕ

ಲಾಟರಿ ಅನ್ನುವುದು ಸರಿ. ಹಾಗಾದರೆ ಒಂದು 15 ನಿಮಿಷದ ಬದಲು ತಿಂಗಳ ಅತಿ ಹೆಚ್ಚಿನ ಹತ್ತಿಪ್ಪತ್ತು ಸ್ಲಾಟ್‌ಗಳ ಸರಾಸರಿ ತೆಗೆಯಿರಿ. ಒಂದು ಭಾಗ ಬ್ರೇಕರ್ ಸೈಜ್ ಪ್ರಕಾರ, ಉಳಿದದ್ದು ಈ ಸರಾಸರಿ ಪ್ರಕಾರ. ಎಷ್ಟು ಭಾಗ ಅಂತ ಜಗಳ ಮಾಡಿ ತೀರ್ಮಾನಿಸಿ, ಆದರೆ ಚಾರ್ಜರ್ ಹಾಕುವ ಮೊದಲೇ ಮಾಡಿ. ಆಮೇಲೆ ಕಾರ್ ಇರುವವರು, ಇಲ್ಲದವರು ಅಂತ ಎರಡು ಪಕ್ಷ ಆಗುತ್ತದೆ. ಚಾರ್ಜರ್‌ಗಳಿಗೆ ಪ್ರತ್ಯೇಕ ಸಬ್ ಮೀಟರ್ ಇರಲೇಬೇಕು. 4ನೇ ಕಟ್ಟಡದ ಪ್ಯಾನೆಲ್‌ನಿಂದ ಬಂದ ಮಾತ್ರಕ್ಕೆ ಅದು 4ನೇ ಕಟ್ಟಡದ ಖರ್ಚಲ್ಲ.

ಐದುಕಟ್ಟಡ

ಇದನ್ನು ಹಾಗೇ ಮೀಟಿಂಗ್‌ನಲ್ಲಿ ಓದುತ್ತೇನೆ. ಇನ್ನೊಂದು ಪ್ರಶ್ನೆ. ಕಂಟ್ರೋಲರ್ ಮೇನ್ ಪ್ಯಾನೆಲ್ ರೂಮಿನಲ್ಲಿ, ಚಾರ್ಜರ್ 220 ಮೀಟರ್ ದೂರ. ಮೀಟರ್‌ಗಳು ರೀಡಿಂಗ್ ಕಳಿಸುವುದು ಮಾಡ್‌ಬಸ್ ಎಂಬ ಡೇಟಾ ಭಾಷೆಯಲ್ಲಿ. ಅದಕ್ಕೆ ಬಳಸುವ ಆರ್‌ಎಸ್-485 ಡೇಟಾ ವೈರ್ 1200 ಮೀಟರ್ ತನಕ ಹೋಗುತ್ತದಂತೆ, ಎಳೆದುಬಿಡಲಾ?

ಬಸ್‌ಬಾರ್

ದೂರಕ್ಕೆ ತೊಂದರೆ ಇಲ್ಲ. ತೊಂದರೆ ಇರುವುದು ಎರಡು ಕಟ್ಟಡದ ನಡುವೆ. ಎರಡು ಕಡೆಯ ಅರ್ಥಿಂಗ್ ನಡುವೆ ವೋಲ್ಟೇಜ್ ವ್ಯತ್ಯಾಸ ಇರುತ್ತದೆ, ಸಿಡಿಲು ಹತ್ತಿರ ಬಿದ್ದರೆ ಅದು ಭಯಂಕರ ಜಾಸ್ತಿ ಆಗುತ್ತದೆ. ತಾಮ್ರದ ಡೇಟಾ ವೈರ್ ಎರಡೂ ಕಡೆಯ ಪೋರ್ಟ್‌ಗಳನ್ನು ಒಟ್ಟಿಗೆ ಸುಡುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಯಿರಿ. ಕಟ್ಟಡದ ಒಳಗೆ ಆರ್‌ಎಸ್-485 ಇರಲಿ, ಎರಡು ತುದಿಯಲ್ಲಿ 120 ಓಮ್ ರೆಸಿಸ್ಟರ್ ಮರೆಯದೆ. ಮರದ ಕೊಂಬೆ ಹಾಗೆ ಕವಲು ಒಡೆಸಬೇಡಿ, ಒಂದರಿಂದ ಒಂದಕ್ಕೆ ಸಾಲಾಗಿ ಹೋಗಲಿ.

ಫೀಡರ್ ಮಿತಿ ಕಾಯುವ ಕಂಟ್ರೋಲರ್ 4ನೇ ಕಟ್ಟಡದಲ್ಲೇ ಇರಲಿ, ಆ ಫೀಡರ್ ಬಂದು ಸೇರುವ ಕಡೆಯ ಮೀಟರ್ ನೋಡಿಕೊಂಡು. ಮೇನ್ ಕಡೆಯಿಂದ ಅದಕ್ಕೆ "ಈ 15 ನಿಮಿಷಕ್ಕೆ ಇಷ್ಟರೊಳಗೆ ಇರು" ಅಂತ ಒಂದು ಸಂಖ್ಯೆ ಬಂದರೆ ಸಾಕು. ಫೈಬರ್ ಕಡಿದರೂ ಕೇಬಲ್ ಸುಡಬಾರದು. ಚಾರ್ಜರ್ ಕೊಳ್ಳುವಾಗ ಒಸಿಪಿಪಿ (ಚಾರ್ಜರ್ ಮತ್ತು ಅದನ್ನು ನಿಯಂತ್ರಿಸುವ ವ್ಯವಸ್ಥೆ ಮಾತಾಡುವ ಮುಕ್ತ ಭಾಷೆ) 1.6 ಅಥವಾ ಅದಕ್ಕಿಂತ ಹೊಸದು, ಸ್ಮಾರ್ಟ್ ಚಾರ್ಜಿಂಗ್ ಸಹಿತ ಅಂತ ಬರೆಸಿಕೊಳ್ಳಿ. ಒಬ್ಬರ ಕ್ಲೌಡ್ ಮೇಲೆ ಮಾತ್ರ ನಡೆಯುವುದನ್ನು ತೆಗೆದುಕೊಳ್ಳಬೇಡಿ.

ರಾತ್ರಿಪಾಳಿ

ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಅಂತ ಯಾರೂ ಕೇಳಲಿಲ್ಲ. ಐದೂ ಕಟ್ಟಡದ ಏಸಿ, ಫ್ರಿಜ್, ಪಂಪ್ ಎಲ್ಲ ಒಟ್ಟಿಗೆ ಏಳುತ್ತವೆ. ನೇರ ಸ್ಟಾರ್ಟ್ ಆಗುವ ಮೋಟಾರ್ ಶುರುವಾಗುವಾಗ ತನ್ನ ರೇಟಿಂಗ್‌ನ ಆರೇಳು ಪಟ್ಟು ಎಳೆಯುತ್ತದೆ. ಅದರ ಜೊತೆ 12 ಕಾರು. ಕಟ್ಟಡಗಳನ್ನು ಒಂದಾದ ಮೇಲೆ ಒಂದು, ಸ್ವಲ್ಪ ಅಂತರ ಬಿಟ್ಟು ಎಬ್ಬಿಸಿ. ಚಾರ್ಜರ್‌ಗಳು ಕೊನೆಗೆ. ಫೈರ್ ಪಂಪ್ ಈ ಯಾವ ಕಂಟ್ರೋಲಿಗೂ ಸೇರಬಾರದು. ಲೋಡ್ ಕಡಿಮೆ ಮಾಡುವ ಪಟ್ಟಿಯಲ್ಲಿ ಅದರ ಹೆಸರೇ ಇರಬಾರದು.

ಜನರೇಟರ್ ಇದ್ದರೆ ಸೋಲಾರ್ ಜೊತೆ ಹೇಗೆ ಓಡುತ್ತದೆ ನೋಡಿ. ಲೋಡ್ ಕಡಿಮೆ, ಸೋಲಾರ್ ಜಾಸ್ತಿ ಆದರೆ ಕರೆಂಟ್ ಜನರೇಟರ್ ಕಡೆ ತಳ್ಳುತ್ತದೆ. ರಿವರ್ಸ್ ಪವರ್ ರಿಲೇ ಬೀಳುತ್ತದೆ, ಎಲ್ಲ ಕತ್ತಲು.

ಹಳೇಮೀಟರ್

ಬ್ಯಾಟರಿ ಇನ್ವರ್ಟರ್ ಇಟ್ಟುಕೊಂಡವರು ಹೀಗೆ ಹೆಚ್ಚಾದ ಸೋಲಾರನ್ನು ಫ್ರೀಕ್ವೆನ್ಸಿಯಿಂದಲೇ ಇಳಿಸುತ್ತಾರೆ. ಬ್ಯಾಟರಿ ತುಂಬಿದರೆ ಅದು ಹರ್ಟ್ಸ್ ಸ್ವಲ್ಪ ಏರಿಸುತ್ತದೆ, ಸೋಲಾರ್ ಇನ್ವರ್ಟರ್ ಅದನ್ನು ನೋಡಿ ತಾನಾಗಿ ಇಳಿಯುತ್ತದೆ. ಡೇಟಾ ವೈರೇ ಬೇಡ. ಆದರೆ ಇಳಿಯುವ ಇನ್ವರ್ಟರ್ ಬೇಕು, ಪೂರ್ತಿ ಆಫ್ ಆಗುವುದಲ್ಲ. ಜರ್ಮನಿಯಲ್ಲಿ ಹಿಂದೆ ಸೋಲಾರ್ ಎಲ್ಲ 50.2 ಹರ್ಟ್ಸ್‌ಗೆ ಒಟ್ಟಿಗೆ ಆಫ್ ಆಗಬೇಕು ಅಂತ ನಿಯಮ ಇತ್ತು. ಲಕ್ಷಗಟ್ಟಲೆ ಚಾವಣಿ ಒಂದೇ ಸಲ ಆಫ್ ಆದರೆ ಗ್ರಿಡ್‌ಗೆ ಏನು ಗತಿ ಅಂತ ಆಮೇಲೆ ಹೊಳೆದು, 2012ರ ನಿಯಮ ತಂದು ಹಳೇ ಇನ್ವರ್ಟರ್‌ಗಳ ಸೆಟ್ಟಿಂಗ್ ಬದಲಿಸಬೇಕಾಯಿತು. ಆವರಣ ಚಿಕ್ಕದಾದರೂ ಪಾಠ ಅದೇ.

ಐದುಕಟ್ಟಡ

ಮೀಟಿಂಗ್ ಮುಗಿಯಿತು. ಹೊಸ ಕೇಬಲ್ ಇಲ್ಲ. ಆರ್ ಫೇಸಿನಿಂದ ಎರಡು ಸರ್ಕ್ಯೂಟ್ ಬಿಗೆ ಹೋಯಿತು, ಈಗ ಸಂಜೆ 131, 124, 125 ಕಾಣುತ್ತಿದೆ. ನ್ಯೂಟ್ರಲ್ 67ಕ್ಕೆ ಇಳಿದಿದೆ. ಹಾರ್ಮೋನಿಕ್ ಮಾತ್ರ ಉಳಿದಿದೆ ಅಂತ ಕಾಣುತ್ತದೆ. 5ನೇ ಕಟ್ಟಡದ ಸಿಟಿ ತಿರುಗಿಸಿ ಹಾಕಿಸಿದೆವು, ಹಳೇ ಬಾಕಿ ಕೇಳಬಾರದು ಅಂತ ಅವರು ಪತ್ರ ಕೊಟ್ಟಿದ್ದಾರೆ, ಅದು ಇನ್ನೂ ನಡೆಯುತ್ತಿದೆ. ಡಿಮ್ಯಾಂಡ್ ಚಾರ್ಜ್‌ನಲ್ಲಿ ಮೂರನೇ ಒಂದು ಭಾಗ ಬ್ರೇಕರ್ ಪ್ರಕಾರ, ಉಳಿದದ್ದು 20 ಸ್ಲಾಟ್ ಸರಾಸರಿ ಅಂತ ತೀರ್ಮಾನ ಆಯಿತು.

ಒಂದು ಅನುಮಾನ. ಸಂಪರ್ಕ ತಪ್ಪಿದರೆ ಎಲ್ಲ ಚಾರ್ಜರ್ 6 ಆಂಪಿಗೆ ಇಳಿಯುವ ಸೆಟ್ಟಿಂಗ್ ಇದೆ. ಫೇಸಿಗೆ 24 ಆಂಪ್, ಅದು ಯಾವಾಗಲೂ ಸುರಕ್ಷಿತ. ಆದರೆ ನೆಟ್‌ವರ್ಕ್ ಚೆನ್ನಾಗಿದ್ದು ಮೀಟರ್ ಮಾತ್ರ ಸತ್ತರೆ? ಕಂಟ್ರೋಲರ್ ಹಳೇ ರೀಡಿಂಗನ್ನೇ ಹಿಡಿದು "ಜಾಗ ಇದೆ, ಜಾಗ ಇದೆ" ಅಂತ ಹೇಳುತ್ತಾ ಕೂರುವುದಿಲ್ಲವೇ?

ಬಸ್‌ಬಾರ್

ಕೂರುತ್ತದೆ. ಹೆಚ್ಚಿನ ಕಡೆ ಕೈಕೊಡುವುದು ಅಲ್ಲೇ. ಬರೀ ನೆಟ್‌ವರ್ಕ್ ಇದೆಯಾ ಅಂತ ನೋಡಿದರೆ ಸಾಲದು. ಮೀಟರ್ ರೀಡಿಂಗ್ ಎಷ್ಟು ಹೊತ್ತಿನ ಹಿಂದಿನದು ಅಂತ ನೋಡಿ, 10 ಸೆಕೆಂಡ್ ದಾಟಿದರೆ ಕಂಟ್ರೋಲರ್ ತಾನೇ 6ಕ್ಕೆ ಇಳಿಸಬೇಕು. ಮೂರೂ ಫೇಸಿನ ಕರೆಂಟ್ ದಶಮಾಂಶವೂ ಬದಲಾಗದೆ ನಿಂತಿದ್ದರೆ ಅದನ್ನೂ ಸತ್ತ ಮೀಟರ್ ಅಂತಲೇ ಲೆಕ್ಕ ಹಾಕಿ. ಬಿಲ್ ಪಾವತಿಸುವ ಮೊದಲು ಮಾರುವವರ ಎದುರಿಗೇ ಮೀಟರ್‌ನ ಡೇಟಾ ವೈರ್ ಕಿತ್ತು ತೋರಿಸಿ ಅನ್ನಿ.

ತಾಮ್ರತಂತಿ

ಖಾಲಿ ಚಾರ್ಜರ್ ಮೇಲೆ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಸಂಜೆ ಹೊತ್ತು, 12 ಕಾರೂ ಪ್ಲಗ್ ಆಗಿರುವಾಗ ಮಾಡಿ. ಒಬ್ಬರು ಫೀಡರ್ ಹತ್ತಿರ ಕ್ಲ್ಯಾಂಪ್ ಮೀಟರ್ ಹಿಡಿದು ನಿಲ್ಲಲಿ, ಸ್ಕ್ರೀನ್ ಮೇಲಿನ ಸಂಖ್ಯೆ ನಂಬಬೇಡಿ. ನ್ಯೂಟ್ರಲ್‌ಗೂ ಒಂದು ಕ್ಲ್ಯಾಂಪ್ ಹಾಕಿ. ಕಾರ್ ಚಾರ್ಜರ್‌ಗಳು ಸಹ ಸ್ವಲ್ಪ ಹಾರ್ಮೋನಿಕ್ ತರುತ್ತವೆ, ಆ 67 ಎಷ್ಟಾಯಿತು ಅಂತ ಇಲ್ಲಿ ಹಾಕಿ.